ಕಾವ್ಯವನದಲ್ಲಿ ಜೋಡಿ ಕುರ್ಚಿ

ಒಬ್ಬ ರಾಣಿ ಅಳಬೇಕೋ ನಗಬೇಕೋ ಅಂತ ತೀರ್ಮಾನ ಮಾಡಲು ಊರಿನ ಪ್ರಮುಖ ಗಂಡಸರೆಲ್ಲ ಒಂದು ಮಧ್ಯಾಹ್ನವಿಡೀ ಮೀಟಿಂಗು ಕೂತು ಬೋಂಡಾ ತಿಂದದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಮೀಟಿಂಗಿನಲ್ಲಿ ನಾನೂ ಇದ್ದೆ. ಬೋಂಡಾ ನಾನೂ ತಿಂದೆ.

ವಿಷಯ ಇಷ್ಟು. ಕೆ.ಆರ್.ಪೇಟೆಯಲ್ಲಿ ನಮ್ಮ ಬಡಾವಣೆಯ ಪಾರ್ಕಿಗೆ ಕಳೆಯೇ ಇರಲಿಲ್ಲ. (ಕಿತ್ತು ಹಾಕಬೇಕಾದ ಕಳೆ ಬೇಕಾದಷ್ಟಿತ್ತು, ಆ ಮಾತು ಬೇರೆ.) ಅದಕ್ಕೊಂದು ಸಮಿತಿ ಹುಟ್ಟಿತು. ಅಧ್ಯಕ್ಷರು ಬೋರಣ್ಣ. ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಅನ್ನಲಾರರು. ಮುಂದೆ ಆದದ್ದಕ್ಕೆಲ್ಲ ಆ ಗುಣವೇ ಕಾರಣ.

ಬೋರಣ್ಣ ಯಾವುದೋ ಊರಿನ ಫ್ಲವರ್ ಶೋ ನೋಡಿಕೊಂಡು ಬಂದಿದ್ದರು. ಅಲ್ಲಿ ಹಳೇ ಕಾವ್ಯದ ಸನ್ನಿವೇಶಗಳನ್ನೆಲ್ಲ ಹೂವಿನಲ್ಲಿ ಮಾಡಿ ನಿಲ್ಲಿಸಿದ್ದರಂತೆ. "ನಮ್ಮೂರ್ಗೂ ಒಂದು ಕಾವ್ಯವನ ಬೇಕು ಮೇಡಂ. ನೀವು ಕಾಲೇಜಲ್ಲಿ ಕನ್ನಡ ಹೇಳ್ಕೊಡೋರು. ಒಂದು ಒಳ್ಳೆ ಸೀನು ಕೊಡಿ" ಅಂದರು.

ಕೊಟ್ಟೆ. ಗಂಡ ಕಾಡಿನಲ್ಲಿ ಬಿಟ್ಟುಹೋದ ರಾಣಿಯ ಸೀನು. ಮರದ ಕೆಳಗೆ ಒಬ್ಬಳೇ ಕೂತು ಅಳುತ್ತಿದ್ದಾಳೆ. ಈ ಪಾಠ ಮಾಡುವಾಗ ಕೊನೇ ಬೆಂಚಿನ ಹುಡುಗರು ಕೂಡ ಮೊಬೈಲು ಕೆಳಗಿಟ್ಟು ಕೇಳುತ್ತಾರೆ. ಹಾಗಾಗಿ ಊರಿಗೂ ಹಿಡಿಸಬಹುದು ಅಂದುಕೊಂಡೆ.

"ಯಾವ ಕಾವ್ಯ? ಯಾವ ರಾಣಿ?" ಅಂತ ಒಬ್ಬರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೋರಣ್ಣ ಕೈ ಅಡ್ಡ ಹಿಡಿದರು.

"ಹೆಸರು ಬ್ಯಾಡಿ ಮೇಡಂ. ರಾಣಿ ಹೆಸರು ಯೋಳುದ್ರೆ ರಾಜ ಯಾರು ಅಂತಾಯ್ತದೆ. ರಾಜನ್ನ ಬೈದಂಗಾಯ್ತದೆ. ಯಾರ್ದಾರ ಭಾವನೆಗೆ ನೋವಾದ್ರೆ ನಾವ್ ಯಾಕೆ ಸಿಕ್ಕಾಕಳದು? ಯಾವ್ದೋ ಒಂದು ರಾಣಿ ಅಂತ ಇರ್ಲಿ."

ಹೀಗಾಗಿ ಬೋರ್ಡಿನ ಮೇಲೆ "ವನದಲ್ಲಿ ರಾಣಿ" ಅಂತಷ್ಟೇ ಬರೆಸಿದರು. ರಾಜನನ್ನು ಪೂರಾ ಕೈಬಿಟ್ಟರು. (ರಾಜ ರಾಣಿಯನ್ನು ಬಿಟ್ಟದ್ದು ನನಗೆ ಗೊತ್ತಿತ್ತು. ರಾಜನನ್ನು ಸಮಿತಿಯೊಂದು ಬಿಟ್ಟದ್ದು ಇದೇ ಮೊದಲು.)

ಆಮೇಲೆ ಕಣ್ಣೀರಿನ ವಿಚಾರ ಬಂತು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಗೇಟಿನಲ್ಲೇ ಹೆಣ್ಣುಮಗಳು ಅಳುತ್ತಾ ಕೂತಿದ್ದರೆ ಏನು ಚಂದ? ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವವರು ಏನು ಮಾಡಬೇಕು, ಅವರೂ ಅಳಬೇಕಾ? "ಗಂಡ ಬಿಟ್ಟುಹೋದವಳು ನಗೋದಾದರೂ ಯಾಕೆ?" ಅಂತ ಕೇಳಿದೆ.

"ಧೈರ್ಯಕ್ಕೆ ನಗ್ತಾವ್ಳೆ ಅಂತ ವಿವರಣೆ ಬರ್ಕೊಡಿ ಮೇಡಂ. ನಿಮ್ಗೆ ಅದೇನ್ ಕಷ್ಟ?" ಅಂದರು ಬೋರಣ್ಣ.

ಬಹುಮತದಿಂದ ರಾಣಿ ನಕ್ಕಳು.

ಇದರಿಂದ ಎಲ್ಲರಿಗಿಂತ ಖುಷಿಯಾದದ್ದು ಶ್ರೀರಂಗಪಟ್ಟಣದ ಫಯಾಜ್‌ಗೆ. ಮದುವೆ ಛತ್ರಗಳಿಗೆ ಸ್ಟೇಜು, ಹೂವಿನ ಕಮಾನು, ಫೈಬರ್ ಬೊಂಬೆ ಒದಗಿಸುವವನು ಅವನು. "ಅಳೋದು ಅಂದ್ರೆ ಹೊಸಾ ಮೋಲ್ಡೇ ಹೊಡೀಬೇಕಿತ್ತು ಮೇಡಂ. ನಗೋದಾದ್ರೆ ಛತ್ರದ ಬಾಗ್ಲಲ್ಲಿ ನಿಲ್ಸೋ ಲೇಡಿ ರೆಡಿ ಅವ್ಳೆ. ಕಿರೀಟ ಇಟ್ರೆ ರಾಣಿ."

ಕಾಡಿನಲ್ಲಿ ಅನಾಥಳಾದ ಹೆಣ್ಣು ಹೀಗೆ ನಮ್ಮ ಪಾರ್ಕಿನ ಗೇಟಿನಲ್ಲಿ ಸೇವಂತಿಗೆ ಹೂವಿನ ಸೀರೆ ಉಟ್ಟು, ಕೈಮುಗಿದು, ಬನ್ನಿ ಊಟ ಮಾಡ್ಕೊಂಡೇ ಹೋಗಬೇಕು ಅನ್ನುವ ಹಾಗೆ ನಿಂತಳು. ಸುತ್ತ ಬದನೆಕಾಯಿಯ ನವಿಲು, ದಪ್ಪ ಮೆಣಸಿನಕಾಯಿಯ ಗಿಳಿ. ಪ್ಲಾಸ್ಟಿಕ್ ಟಬ್ಬಿನ ಸರೋವರದಲ್ಲಿ ಒಂದು ಹಂಸ. (ಅದು ಬಾತುಕೋಳಿ ಅಂತ ಮಕ್ಕಳು ವಾದಿಸಿದ್ದರಿಂದ "ಹಂಸ" ಅಂತ ಬೇರೆ ಬೋರ್ಡು ಹಾಕಬೇಕಾಯಿತು.)

ಇಲ್ಲಿಯವರೆಗೆ ನಾನೂ ನಗುತ್ತಲೇ ಇದ್ದೆ. ನಗು ನಿಂತದ್ದು ಇನ್ವಿಟೇಶನ್ ಕೈಗೆ ಬಂದ ಮೇಲೆ. ಅದರಲ್ಲಿ "ಇದೇ ಸಂದರ್ಭದಲ್ಲಿ ಆದರ್ಶ ದಂಪತಿಗೆ ಸನ್ಮಾನ" ಅಂತಿತ್ತು. ಕೆಳಗೆ ಎರಡು ಹೆಸರು. ಬೂಕನಕೆರೆಯ ತಾಯಮ್ಮ ಮತ್ತು ಪುಟ್ಟೇಗೌಡರು.

ತಾಯಮ್ಮ ನನ್ನ ಸೋದರತ್ತೆ. ಪುಟ್ಟೇಗೌಡ ಮಾವ ಅವಳ ಗಂಡ, ಕಾಗದದ ಮೇಲೆ. ಮದುವೆಯಾದ ವರ್ಷವೇ, ಅತ್ತೆ ಬಸುರಿಯಾಗಿದ್ದಾಗ, ಒಂದು ಜೊತೆ ಎತ್ತು ನೋಡ್ಕೊಂಡು ಬರ್ತೀನಿ ಅಂತ ಮಾವ ಹೋದ. ಬರಲಿಲ್ಲ. ನಾಗಮಂಗಲದ ಕಡೆ ಇನ್ನೊಂದು ಸಂಸಾರ ಹೂಡಿದ್ದಾನೆ ಅಂತ ಆಮೇಲೆ ಸುದ್ದಿ ಬಂತು. ನಮ್ಮಜ್ಜ ತವರಿಗೆ ಬಾ ಅಂತ ಎಷ್ಟು ಕರೆದರೂ ಅತ್ತೆ ಬರಲಿಲ್ಲ. ಎಮ್ಮೆ ಕಟ್ಟಿದಳು. ಹಾಲು ಮಾರಿದಳು. ಮಗಳನ್ನು ಓದಿಸಿ ಮದುವೆ ಮಾಡಿದಳು. ಊರಲ್ಲಿ ಹೆಂಗಸರ ಡೇರಿ ಶುರುವಾದಾಗ ಮನೆ ಮನೆಗೆ ಹೋಗಿ ಜನ ಸೇರಿಸಿದವಳೂ ಅವಳೇ.

ಮಾವ ವಾಪಸ್ಸು ಬಂದದ್ದು ಮೊಮ್ಮಕ್ಕಳು ಸ್ಕೂಲಿಗೆ ಹೋಗುವ ಕಾಲಕ್ಕೆ. ಆ ಮನೆಯ ಹೆಂಗಸು ತೀರಿಕೊಂಡಿದ್ದಳು. ಇವನಿಗೆ ಶುಗರ್ ಬಂದು ಕಾಲು ಊದಿತ್ತು. ಅತ್ತೆ ಬಾಗಿಲು ಹಾಕಲಿಲ್ಲ. ಕೊಟ್ಟಿಗೆ ಪಕ್ಕದ ರೂಮು ಗುಡಿಸಿ ಕೊಟ್ಟಳು. ಅಂದಿನಿಂದ ಆ ರೂಮಿಗೆ ಹೊತ್ತು ಹೊತ್ತಿಗೆ ಮುದ್ದೆ ಹೋಗುತ್ತದೆ, ಮಾತ್ರೆ ಹೋಗುತ್ತದೆ. ಮಾತು ಹೋಗುವುದಿಲ್ಲ.

ಇವರು ಆದರ್ಶ ದಂಪತಿ. ಬೋರಣ್ಣನ ಅಂಗಡಿಗೇ ಹೋದೆ.

"ಇವರೇ ಯಾಕೆ ಬೋರಣ್ಣ?"

"ಬ್ಯಾರೆ ಯಾರ್ನ ತಗಂಡ್ರೂ ಗಂಡ ಒಂದು ಪಾರ್ಟಿ, ಅವ್ನ ತಮ್ಮ ಇನ್ನೊಂದು ಪಾರ್ಟಿ ಮೇಡಂ. ಇವ್ರು ಯಾರ ತಂಟೆಗೂ ಇಲ್ಲ."

"ಅವರಿಬ್ಬರು ಮಾತೇ ಆಡಲ್ಲ."

"ಈ ವಯಸ್ಸಲ್ಲಿ ಯಾರ್ ಆಡ್ತಾರೆ? ನಮ್ಮನೇಲೂ ಇಲ್ಲ."

"ಮಾವ ಅತ್ತೇನ ಬಿಟ್ಟುಹೋಗಿದ್ದೋರು."

"ಬಂದವ್ರಲ್ಲ. ಬಂದಿದ್ದು ದೊಡ್ದು ಮೇಡಂ."

ನೋಡಿ ಲೆಕ್ಕಾಚಾರ. ಬಿಟ್ಟುಹೋದದ್ದು ಚಿಕ್ಕದು, ಬಂದದ್ದು ದೊಡ್ಡದು. ಎಲ್ಲಿಗೂ ಹೋಗದೆ ಅಲ್ಲೇ ಇದ್ದವಳದ್ದು? ಅದನ್ನು ಅಳೆಯುವುದಕ್ಕೆ ಅವರಲ್ಲಿ ಕೋಲೇ ಇರಲಿಲ್ಲ.

ಅತ್ತೆಗೆ ಫೋನ್ ಮಾಡಿದೆ. "ಬತ್ತೀನಿ ಕಣವ್ವ. ಕರ್ದವ್ರೆ, ಓಗ್ದಿದ್ರೆ ಏನಂದ್ಕಂಡಾರು" ಅಂದಳು. ಮಾವನ ಪಕ್ಕ ಕೂರಿಸುತ್ತಾರೆ ಅಂತ ಹೇಳಿದೆ. ಆ ಕಡೆ ಎಮ್ಮೆ ಕೂಗಿತು. "ಅದ ಅಲ್ಲೇ ನೋಡ್ಕಳನ ಬುಡು" ಅಂತ ಫೋನ್ ಇಟ್ಟಳು.

ಉದ್ಘಾಟನೆಯ ದಿನ ಮಾವ ಬೆಳಗಿನ ಬಸ್ಸಿಗೇ ಬಂದಿದ್ದ. ನುಣ್ಣಗೆ ಶೇವಿಂಗು, ಗರಿಗರಿ ಪಂಚೆ. ಯಾರೋ ಆಗಲೇ ಮೈಸೂರು ಪೇಟ ಇಟ್ಟು ಸ್ಟೇಜಿನ ಮೇಲೆ ಕೂರಿಸಿದ್ದರು. ಕೂರಿಸಿದ್ದು ಎಲ್ಲಿ? ಫಯಾಜ್ ತಂದಿದ್ದ ಮದುವೆ ಸ್ಟೇಜಿನ ಜೋಡಿ ಕುರ್ಚಿಯಲ್ಲಿ. ಕೆಂಪು ವೆಲ್ವೆಟ್ಟು, ಎರಡು ಕಡೆ ಚಿನ್ನದ ಬಣ್ಣದ ನವಿಲು, ಮಧ್ಯೆ ಕೈ ಇಡುವುದಕ್ಕೆ ಅಡ್ಡ ಕೂಡ ಇಲ್ಲ. ಮಾವ ಒಂದು ತುದಿಗೆ ಒತ್ತಿಕೊಂಡು ಕೂತಿದ್ದ.

ಅತ್ತೆ ಮುಂದಿನ ಬಸ್ಸಿಗೆ ಬಂದಳು. ಗೇಟಿನಲ್ಲಿ ರಾಣಿಯ ಮುಂದೆ ನಿಂತಳು.

"ಯಾರವ್ವ ಇವ್ಳು?"

"ಗಂಡ ಕಾಡಿನಲ್ಲಿ ಬಿಟ್ಟುಹೋದ ರಾಣಿ ಅತ್ತೆ."

"ಮತ್ತೆ ಯಾಕೆ ಅಲ್ಲು ಬುಟ್ಕಂಡು ನಿಂತವ್ಳೆ?"

"ಸಮಿತಿಯೋರು ತೀರ್ಮಾನ ಮಾಡಿದ್ರು."

"ಅವ್ಳ ಕೇಳುದ್ರಾ?"

ಉತ್ತರಕ್ಕೆ ಕಾಯದೆ ಒಳಗೆ ನಡೆದಳು.

ಭಾಷಣಗಳಾದವು. ಅವನ್ನು ಬರೆದು ನಿಮ್ಮ ಭಾನುವಾರ ಕೆಡಿಸುವುದಿಲ್ಲ. ಕೊನೆಗೆ ನಿರೂಪಕ ಗಂಟಲು ಸರಿಮಾಡಿಕೊಂಡು "ಅರ್ಧ ಶತಮಾನದ ಅನ್ಯೋನ್ಯ ದಾಂಪತ್ಯ" ಅಂತ ಶುರು ಮಾಡಿದ. ಅತ್ತೆ ಸ್ಟೇಜು ಹತ್ತಿದಳು. ಕುರ್ಚಿಯ ಹತ್ತಿರ ಹೋಗಿ ನಿಂತಳು. ಕೂರಲಿಲ್ಲ.

"ಕುಂತ್ಕಳವ್ವ" ಅಂದರು ಬೋರಣ್ಣ.

"ನಿಂತೇ ಇರ್ತೀನಿ ಬುಡಪ್ಪ."

"ಒಂದು ಫೋಟೋಕ್ಕೆ ಕಣವ್ವ. ಒಂದ್ ಗಳ್ಗೆ."

ಅತ್ತೆ ಆಗ ನಿರೂಪಕನ ಕಡೆ ಕೈ ಚಾಚಿದಳು. ನಾಲ್ಕು ಮಾತು ಹೊಗಳುತ್ತಾಳೆ ಅಂದುಕೊಂಡು ಅವನು ಸಂತೋಷವಾಗಿ ಮೈಕು ಕೊಟ್ಟ.

"ನಂಗೆ ಮಾತಾಡಕ್ ಬರಲ್ಲ" ಅಂದಳು. "ಈ ಮೈಕಿನೋರು ಅನ್ಯೋನ್ಯ ಅಂದ್ರು. ನಾನು ಇವ್ರ ಜತೆ ಸಂಸಾರ ಮಾಡಿದ್ದು ಒಂದೊರ್ಸವೂ ಆಗ್ನಿಲ್ಲ. ಕೂಸು ವಟ್ಟೇಲಿದ್ದಾಗ ಬುಟ್ಟೋದ್ರು. ಈಗ ಬಂದವ್ರೆ, ಮನೇಲವ್ರೆ. ಮುದ್ದೆ ಇಕ್ತೀನಿ, ಕಾಯ್ಲೆ ಬಿದ್ರೆ ಆಸ್ಪತ್ರೆಗೆ ಕರ್ಕಂಡೋಯ್ತೀನಿ. ಅದು ನನ್ ಮನ್ಸು, ಯಾರೂ ಯೋಳಿ ಮಾಡ್ಸಿದ್ದಲ್ಲ. ಆದ್ರೆ ಅಕ್ಕಪಕ್ಕ ಕೂರಾಕಿಲ್ಲ. ಶಾಲು ಹೊದಿಸೋದಾದ್ರೆ ನಾನು ಎಮ್ಮೆ ಕಟ್ಟಿ ಮಗಳ ಸಾಕಿದ್ಕೆ ಹೊದ್ಸಿ, ತಗತೀನಿ. ಇದ್ಕೆ ಬ್ಯಾಡ."

ಬೋರಣ್ಣ ಪಂಚೆ ಸರಿಮಾಡಿಕೊಂಡರು. ಅಷ್ಟು ಜನರ ಮುಂದೆ ಅತ್ತೆಯನ್ನು ಯಾರಾದರೂ ಏನಾದರೂ ಅಂದುಬಿಟ್ಟರೆ? ಸ್ಟೇಜು ಹತ್ತಿ ಅವಳ ಪಕ್ಕ ನಿಲ್ಲೋಣ ಅಂತ ಎದ್ದೆ.

ಅಷ್ಟರಲ್ಲಿ ಮಾವ ಎದ್ದ. ಊದಿದ ಕಾಲು, ಎರಡು ಸಲ ಕುಸಿದು ಎದ್ದ. ಪೇಟ ತೆಗೆದು ವೆಲ್ವೆಟ್ಟಿನ ಮೇಲೆ ಇಟ್ಟ. ಮೈಕು ಬೇಡ ಅಂದ.

"ಅವ್ಳು ಯೋಳದು ದಿಟ" ಅಂದ. "ಎತ್ತು ತತ್ತೀನಿ ಅಂತ ಸುಳ್ಳೇಳಿ ಓದೆ. ನಂಗೆ ಏನೂ ಹೊದಿಸ್ಬ್ಯಾಡಿ."

ಫಯಾಜ್ ಓಡಿಬಂದು ಹೆಗಲು ಕೊಟ್ಟ. ಮಾವ ಮೆಟ್ಟಿಲಿಳಿದು ಹೋಗಿ ಟಬ್ಬಿನ ಸರೋವರದ ಪಕ್ಕದ ಕಟ್ಟೆಯ ಮೇಲೆ ಕೂತ. ಚಿಕ್ಕಂದಿನಿಂದ ನಾನು ಆ ಮನುಷ್ಯನ ಹೆಸರು ಕೇಳಿದರೆ ಸಿಡುಕಿದವಳು. ಅವತ್ತು ಮೊದಲ ಸಲ ಅಯ್ಯೋ ಅನ್ನಿಸಿತು. ಕ್ಷಮಿಸುವ ವಿಚಾರ ಬೇರೆ. ಅದು ಅತ್ತೆಗೆ ಬಿಟ್ಟದ್ದು.

ನಿರೂಪಕ ಮಾತ್ರ ಸೋಲುವವನಲ್ಲ. "ಎಂಥ ಸರಳತೆ! ಎಂಥ ವಿನಯ! ಈ ದಂಪತಿಗೆ ಜೋರಾದ ಚಪ್ಪಾಳೆ ಬರಲಿ" ಅಂದ. ಬಂತು. ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದ ಮುಖ್ಯ ಅತಿಥಿಗಳು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಬೋರಣ್ಣ ಯಾರಿಗೂ ಇಲ್ಲ ಅನ್ನಲಾರರು ಅಂದೆನಲ್ಲ. ಶಾಲು ಬಿಚ್ಚಿ ಅತ್ತೆಗೆ ಹೊದಿಸಿ, ಮೆಲ್ಲಗೆ "ಎಮ್ಮೆ ಲೆಕ್ಕದಲ್ಲೇ ಆಯ್ತು, ತಗಳವ್ವ" ಅಂದರು. ಹಿಂದಿನ ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅತ್ತೆಯ ಕೈ ಹಿಡಿದರು. ಬೋರಣ್ಣನ ಹೆಂಡತಿಯಂತೂ ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲೇ ಇಲ್ಲ. (ಬೋರಣ್ಣ ಆಗ ಬೇರೆ ಕಡೆ ನೋಡುತ್ತಿದ್ದರು.)

ಇಬ್ಬರನ್ನೂ ನಾನೇ ಬಸ್ಸು ಹತ್ತಿಸಿದೆ. ಅತ್ತೆ ಮುಂದೆ ಹೆಂಗಸರ ಸೀಟಿನಲ್ಲಿ, ಮಾವ ಹಿಂದೆ. ಬಸ್ಸು ಹೊರಡುವ ಮುಂಚೆ ಅತ್ತೆ ಕಿಟಕಿಯಿಂದ ಕರೆದಳು. "ಮಾತ್ರೆ ತಗಳಕ್ ಮುಂಚೆ ಏನಾರ ತಿನ್ಬೇಕು ಕಣವ್ವ. ನಿಮ್ಮಾವಂಗೆ ಒಂದು ಬನ್ನು ಕೊಡ್ಸು." ಮಾವ ಎರಡು ಸೀಟಿನಾಚೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ಮಾರನೇ ದಿನ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು. ಜೋಡಿ ಕುರ್ಚಿಯಲ್ಲಿ ಅತ್ತೆ ಮಾವ ಒಬ್ಬರಿಗೊಬ್ಬರು ಒರಗಿಕೊಂಡು ಕೂತಿದ್ದಾರೆ. ಹೇಗೆ ಅಂತ ಕೇಳಬೇಡಿ, ಈಗ ಫೋನಿನಲ್ಲಿ ಏನು ಬೇಕಾದರೂ ಅಂಟಿಸಬಹುದು. ಅತ್ತೆಯ ಮುಖಕ್ಕೆ ಒಂದು ನಗುವನ್ನೂ ಅಂಟಿಸಿದ್ದರು. ಕೆಳಗೆ ಕೈಮುಗಿದ ಚಿತ್ರಗಳ ಸುರಿಮಳೆ. ಆ ವಾರ ಬೂಕನಕೆರೆಗೆ ಹೋದಾಗ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇವ್ಳು ನಾನಲ್ಲ ಬುಡು" ಅಂದು ಹಾಲು ಕರೆಯಲು ಹೋದಳು.

ನಿನ್ನೆ ಬೋರಣ್ಣ ಫೋನ್ ಮಾಡಿದ್ದರು. "ಈ ಸಲ ವಸಿ ಎಡವಟ್ಟಾಯ್ತು ಮೇಡಂ. ಮುಂದಿನೊರ್ಸಕ್ಕೆ ಯಾವ ಗಂಡ್ಸೂ ಯಾವ ಹೆಂಗ್ಸಿಗೂ ಅನ್ಯಾಯ ಮಾಡ್ದೇ ಇರೋ ಕಾವ್ಯ ಒಂದು ಹುಡುಕ್ಕೊಡಿ."

ಪುಸ್ತಕದ ಬೀರುವನ್ನೆಲ್ಲ ತಡಕಾಡಿದೆ, ಸಿಗಲಿಲ್ಲ. ಅಂಥದ್ದೊಂದು ಸಂಸಾರ ನಿಮ್ಮ ಬೀದಿಯಲ್ಲೇನಾದರೂ ಸಿಕ್ಕೀತೇ?