ನಮ್ಮ ಯಜಮಾನರು ಆಪರೇಷನ್‌ಗೆ ಪಾಸಾಗಲು ಹೊರಟಿದ್ದು

ತೊಂಬತ್ತನೇ ಇಸವಿಯ ಆಚೀಚೆ ನಮ್ಮ ಯಜಮಾನರ ಹೃದಯದ ರಕ್ತನಾಳ ಮೂರು ಕಡೆ ಕಟ್ಟಿಕೊಂಡಿತು. ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು, "ಎಲ್ರಿಗೂ ಬೈಪಾಸ್ ಮಾಡೋಕಾಗಲ್ಲ. ತಡ್ಕೊಳ್ಳೋರನ್ನ ನೋಡಿ ಆರಿಸ್ತೀವಿ. ಮುಂದಿನ ವಾರ ಬನ್ನಿ" ಎಂದರು.

ಆರಿಸುತ್ತೇವೆ ಎಂದಿದ್ದೇ ತಪ್ಪಾಯಿತು. ನಾವು ಸೀರೆ ನೇಯುವವರು. ಸಾವ್ಕಾರ ಸೀರೆ ನೋಡಲು ಬಂದರೆ ಎಳೆ ತಪ್ಪಿದ ಜಾಗವನ್ನು ಒಳಮಡಿಕೆಗೆ ಸೇರಿಸಿ ಸೆರಗನ್ನು ಮೇಲೆ ಹರಡುತ್ತಿದ್ದೆವು. ಯಜಮಾನರು ತಮ್ಮನ್ನೂ ಹಾಗೆಯೇ ಮಡಿಸಿಕೊಂಡರು. ತಲೆಗೆ ಕಪ್ಪು ಬಳಿದರು. ಮೀಸೆಗೂ. ಬಸ್ಸಿನಲ್ಲಿ ಬೆವರಿ ಆ ಬಣ್ಣ ಕಿವಿಯ ಹಿಂದಿನಿಂದ ಬಿಳಿ ಅಂಗಿಗೆ ಇಳಿಯಿತು.

"ವಯಸ್ಸು?" ಎಂದರು ಡಾಕ್ಟರು.

"ಐವತ್ತು ಸಾರ್."

ನನಗೆ ಆಗ ಐವತ್ತನಾಲ್ಕು.

"ಬೀಡಿ?"

"ವಾಸನೆನೇ ಆಗಲ್ಲ ಸಾರ್."

"ಯಾವಾಗಾದ್ರೂ ಲಕ್ವ ಹೊಡೆದಿತ್ತಾ?"

"ನಮ್ಮ ವಂಶದಲ್ಲೇ ಇಲ್ಲ."

ಇನ್ನು ಸುಮ್ಮನಿದ್ದರೆ ಈ ಮನುಷ್ಯ ಸಾಯುತ್ತಾನೆ ಅನ್ನಿಸಿತು.

"ಡಾಕ್ಟ್ರೇ, ಬರ್ಕೊಳ್ಳಿ. ವಯಸ್ಸು ಅರವತ್ತೆರಡು. ದಿನಕ್ಕೆರಡು ಕಟ್ಟು ಬೀಡಿ. ಹೋದ ಯುಗಾದೀಲಿ ಬಾಯಿ ಸೊಟ್ಟಗಾಗಿ ಎಡಗೈ ಎರಡು ದಿನ ಎತ್ತೋಕಾಗಿರಲಿಲ್ಲ."

"ಇವಳಿಗೆ ತಲೆ ಕೆಟ್ಟಿದೆ ಸಾರ್!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಗೊತ್ತಿಲ್ದೆ ಕೊಯ್ದಿದ್ರೆ ಟೇಬಲ್ ಮೇಲೇ ಮತ್ತೆ ಲಕ್ವ ಹೊಡೀಬಹುದಿತ್ತು. ಯಾಕ್ರೀ ಮುಚ್ಚಿಟ್ರಿ?"

"ಹೇಳಿದ್ರೆ ವಾಪಸ್ ಕಳಿಸ್ತೀರಲ್ಲ!"

ಕಳಿಸಲಿಲ್ಲ. ಕತ್ತಿನ ರಕ್ತನಾಳಗಳನ್ನು ಪರೀಕ್ಷೆ ಮಾಡಿಸಿದರು. ಅಪಾಯ ಬೇರೆಯವರಿಗಿಂತ ಜಾಸ್ತಿ, ಆದರೂ ಮಾಡಬಹುದು, ಎರಡು ತಿಂಗಳು ಬೀಡಿ ಮುಟ್ಟಬಾರದು ಎಂದರು. ಆ ಎರಡು ತಿಂಗಳು ಯಜಮಾನರು ನನ್ನೊಡನೆ ಮಾತಾಡಲಿಲ್ಲ. ಮಗ್ಗಕ್ಕೆ ಮುಖ ಮಾಡಿ, "ಊಟಕ್ಕಿಡೋರು ಯಾರಾದ್ರೂ ಇದ್ರೆ ಇಡಲಿ" ಅನ್ನುತ್ತಿದ್ದರು. ನಾನೂ ಮಗ್ಗಕ್ಕೇ, "ತಟ್ಟೆ ಅಲ್ಲೇ ಇದೆ, ತೊಳ್ಕೊಂಡು ಬರ್ಲಿ" ಅನ್ನುತ್ತಿದ್ದೆ.

ಆಪರೇಷನ್ ದಿನ ಒಳಗೆ ತಳ್ಳಿಕೊಂಡು ಹೋಗುವ ಮುಂಚೆ ನರ್ಸಮ್ಮ ಕೇಳಿದಳು, "ಇನ್ನೇನಾದ್ರೂ ಹೇಳೋದಿದೆಯಾ?"

ಯಜಮಾನರು ಗದ್ದದಲ್ಲೇ ನನ್ನ ಕಡೆ ತೋರಿಸಿದರು. "ನನ್ನ ಕೇಳ್ಬೇಡಿ. ಅವಳಿದ್ದಾಳಲ್ಲ ಸಿಐಡಿ."

"ಹಲ್ಲು ಕಟ್ಟಿಸಿದ್ದು. ತೆಗೆದಿಲ್ಲ" ಎಂದೆ.

ಅವಳು ಗಾಬರಿಯಾಗಿ ಹಲ್ಲುಸೆಟ್ಟು ತೆಗೆಸಿ ನನ್ನ ಕೈಗಿಟ್ಟಳು. ಮಂಚ ಬಾಗಿಲು ದಾಟುವವರೆಗೂ ಯಜಮಾನರು ನನ್ನನ್ನು ಬೈದರು. ಹಲ್ಲಿಲ್ಲದೆ ಒಂದಕ್ಷರವೂ ತಿಳಿಯಲಿಲ್ಲ. ಆಪರೇಷನ್ ಮುಗಿಯುವವರೆಗೂ ಬೆಂಚಿನ ಮೇಲೆ ಹಲ್ಲುಗಳನ್ನು ಹಿಡಿದು ಕೂತಿದ್ದೆ.

ಮಾರನೇ ದಿನ ಗಂಟಲಿನ ಕೊಳವೆ ತೆಗೆದ ಮೇಲೆ ಒಳಕ್ಕೆ ಬಿಟ್ಟರು. ಎದೆ ತುಂಬ ಪಟ್ಟಿ, ಎರಡು ಕೈಯೂ ಆಡುತ್ತಿದ್ದವು. ಕೈ ಚಾಚಿ ಮೊದಲು ಹಲ್ಲು ಕೇಳಿದರು. ಬೈಯುವುದು ಇನ್ನೂ ಬಾಕಿ ಇತ್ತಂತೆ.