ಕುಷ್ಟಣ್ಣನ ಸೀಮೆಸುಣ್ಣ, ಗೋಪಿಯ ಬೆಕ್ಕುಗಳು

ಕೋಟದ ಹೆದ್ದಾರಿ ಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಕುಷ್ಟಣ್ಣ ತಮ್ಮ ಸೈಕಲ್ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಿದ್ದಾರೆ. ಪಂಪು ಹೊರಗೆ ಬರುತ್ತದೆ, ಪಂಕ್ಚರ್ ನೋಡುವ ನೀರಿನ ಬೋಗುಣಿ ಬರುತ್ತದೆ, ಕಡೆಗೆ ಒಂದು ತುಂಡು ಸೀಮೆಸುಣ್ಣ ಬಂದು ಅವರ ಕಿವಿಯ ಹಿಂದೆ ಕೂರುತ್ತದೆ. ಇವತ್ತು ಹಲಗೆ ತೆಗೆದು ಮುಗಿಯುವ ಮೊದಲೇ ಗಿರಾಕಿ ಹಾಜರು: ಮೀನು ಮಾರುವ ಗೋಪಿ. ಅವನ ಸೈಕಲ್ಲು ಫಳಫಳ ಹೊಳೆಯುತ್ತಿದೆ; ಮುಖ ಮಾತ್ರ ಮೋಡ.

“ಹ್ವಾಯ್ ಕುಷ್ಟಣ್ಣ, ನೀವ್ ಎಂತ ಮಾಡಿರಿ ಮಾರಾಯ್ರೆ ಈ ಸೈಕ್ಲಿಗೆ?”

“ಎಂತ ಆಯ್ತಾ? ಚೈನ್ ಬಿತ್ತಾ?”

“ಚೈನ್ ಎಂತಕ್ ಬೀಳ್ತ್! ನೀರ್ ಹರ್ದಾಂಗ್ ಹೋತ್ತ್ ಸೈಕಲ್. ಬೆಕ್ಕ್ ಬತ್ತಿಲ್ಲೆ!”

ಬ್ರೇಕಿನ ದೂರು, ಬೆಲ್ಲಿನ ದೂರು ಕೇಳಿ ಕೇಳಿ ತಲೆ ನರೆತ ಕುಷ್ಟಣ್ಣನಿಗೆ ಬೆಕ್ಕಿನ ದೂರು ಇದೇ ಮೊದಲು.

ಅವರು ಹುಟ್ಟಿದ್ದು ಗುಡ್ಡದ ಏರುದಾರಿಯ ಕೆರಾಡಿಯಲ್ಲಿ. “ನಮ್ಮೂರ್ ಏರಂಗೆ ಮನ್ಷ ಸೈಕಲ್ ಮೇಲ್ ಹೋಪುದಲ್ಲ, ಸೈಕಲ್ ಮನ್ಷನ್ ಮೇಲ್ ಹೋಪುದ್” ಎಂದು ನಗುತ್ತಾರೆ. ಕುಂದಾಪುರದ ಬಾಡಿಗೆ ಸೈಕಲ್ ಅಂಗಡಿಯೊಂದರಲ್ಲಿ ಕೆಲಸ ಕಲಿತು ಕೋಟಕ್ಕೆ ಬಂದವರು ಇಲ್ಲೇ ನೆಲೆಯೂರಿದರು. ೨೦೦೩ರ ಈ ಹೊತ್ತಿಗೆ ರಸ್ತೆಯ ತುಂಬ ಮೊಪೆಡ್ಡು, ಬೈಕು. ಬಾಡಿಗೆ ಸೈಕಲ್ ಕೇಳುವವರಿಲ್ಲ. ದಿನಕ್ಕೆ ಐದಾರು ಪಂಕ್ಚರ್, ವಾರಕ್ಕೆ ಮೂರೋ ನಾಲ್ಕೋ ಫುಲ್ ಸರ್ವಿಸ್ ಬಂದರೆ ಪುಣ್ಯ.

ಇಂಥ ಕಾಲದಲ್ಲೂ ಅವರು ಬಿಡದ ಪದ್ಧತಿ ಒಂದಿದೆ. ಸರ್ವಿಸಿಗೆಂದು ಸೈಕಲ್ ಬಂದರೆ ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ. ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿ, ಸೀಮೆಸುಣ್ಣ ತೆಗೆಯುತ್ತಾರೆ. ಬಿಳಿ ಗೀಟು ಬಿದ್ದ ಕಡೆ ಯಜಮಾನನೇ ಮನೆಯಲ್ಲಿ ಮಾಡಿಕೊಳ್ಳಬೇಕು: ಚೈನಿಗೆ ಎಣ್ಣೆ, ಬ್ರೇಕಿನ ನಟ್ಟು, ಸೀಟಿನ ಬೋಲ್ಟು. ಗೀಟಿಲ್ಲದ ಕಡೆಗೆ ಮಾತ್ರ ಕುಷ್ಟಣ್ಣನ ಕೈ, ಗಿರಾಕಿಯ ಕಾಸು. “ಎಣ್ಣಿ ಬಿಡುಕೂ ದುಡ್ಡ್ ತಕಂಡ್ರೆ ನಾ ಮೆಕ್ಯಾನಿಕ್ ಅಲ್ಲ, ಕಳ್ಳ.”

ಹೆಂಡತಿ ಕಮಲಕ್ಕನ ಅಭಿಪ್ರಾಯ ಬೇರೆ. “ಇವ್ರದ್ ಅಂಗ್ಡಿ ಅಲ್ಲ, ಶಾಲೆ. ಅದೂ ಫೀಸ್ ಇಲ್ಲದ್ ಶಾಲೆ!”

ಆ ಶಾಲೆಯಲ್ಲಿ ಫೇಲಾದವರೂ ಉಂಟು. ಜಿನಸಿ ಅಂಗಡಿಯ ಪಾಂಡು ಅವರಲ್ಲಿ ಮೊದಲಿಗ. ಅರುವತ್ತು ರೂಪಾಯಿಯ ಸರ್ವಿಸ್ ಉಳಿಸಲು ಗೀಟಿಲ್ಲದ ಹಿಂಚಕ್ರವನ್ನೇ ಅಂಗಳದಲ್ಲಿ ಬಿಚ್ಚಿದ. ಅಲ್ಲೇ ಕುಚ್ಚಿದ ಭತ್ತ ಒಣಗುತ್ತಿತ್ತು. ಚಕ್ರದೊಳಗಿನ ಬೇರಿಂಗ್ ಗುಂಡುಗಳು ಉರುಳಿದವು, ಕೋಳಿಗಳು ಕಾಳೆಂದು ಹೆಕ್ಕಿದವು. ಮರುದಿನ ಪಾಂಡು ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಮೊಟ್ಟೆಯಿಡುವ ಕೋಳಿ ಹಿಡಿದು ಅಂಗಡಿಗೆ ಬಂದ. ಯಾವುದನ್ನು ಬಿಚ್ಚಿದರೆ ಕಡಿಮೆ ಖರ್ಚು ಎಂಬುದು ಅವನ ಪ್ರಶ್ನೆ. “ಹೊಸ ಗುಂಡ್ ಹಾಕಿ ಕೊಡ್ತೆ, ಕೋಳಿ ಬದ್ಕ್ಲಿ” ಎಂದು ಕುಷ್ಟಣ್ಣ ತೀರ್ಪು ಕೊಟ್ಟರು.

ಗೋಪಿಯದು ಇನ್ನೊಂದು ದಾರಿ. ಅವನು ಕೋಡಿಯ ಕಡಲ ತೀರದಲ್ಲಿ ಮೀನು ತುಂಬಿಸಿ ಸಾಯ್ಬ್ರಕಟ್ಟೆಯ ತನಕ ತುಳಿಯುವವನು. ಚೈನಿಗೆ ಎಣ್ಣೆ ಬಿಡು ಎಂದು ಗೀಟು ಹಾಕಿ ಕೊಟ್ಟರೆ, ಚೈನಿಗೆ, ಚಕ್ರದ ಒಳಗೆ, ಪೆಡಲಿಗೆ, ಎಲ್ಲದಕ್ಕೂ ದೋಣಿಗೆ ಬಳಿಯುವ ಮೀನೆಣ್ಣೆ ಸುರಿದ. ಯಾಕೆಂದರೆ ಅದು ಪುಕ್ಕಟೆ. “ದೋಣಿ ಕಡ್ಲಿಗೇ ಹೋತ್ತ್, ಸೈಕಲ್ ಸಾಯ್ಬ್ರಕಟ್ಟಿಗ್ ಹೋತಿಲ್ಯಾ?” ಎಂಬುದು ಅವನ ವಾದ. ಮೀನೆಣ್ಣೆ ಒಣಗಿದರೆ ಅಂಟು. ದೋಣಿಯ ಹಲಗೆಗೆ ಅದೇ ಬೇಕು, ಚಕ್ರದ ಗುಂಡಿಗೆ ಅದೇ ಬೇಡ. ಎರಡು ವರ್ಷ ಅವನು ಸೈಕಲ್ ತುಳಿದದ್ದೋ, ಗಾಣ ತಿರುಗಿಸಿದ್ದೋ ಹೇಳುವುದು ಕಷ್ಟ. ಮೀನೆಣ್ಣೆಯ ವಾಸನೆ ಹಿಡಿದು ಬಂದ ಊರ ಬೆಕ್ಕುಗಳು ಪಕ್ಕದಲ್ಲೇ ಆರಾಮವಾಗಿ ನಡೆದುಕೊಂಡು ಬರುತ್ತಿದ್ದವು.

ಕಳೆದ ವಾರ ಮೊಣಕಾಲು ಹಿಡಿದುಕೊಂಡು ಬಂದ ಗೋಪಿ ಮೊದಲ ಬಾರಿ ಫುಲ್ ಸರ್ವಿಸ್ ಮಾಡಿಸಿದ. ಕುಷ್ಟಣ್ಣ ಒಂದಿಡೀ ದಿನ ಸೀಮೆಎಣ್ಣೆಯಲ್ಲಿ ತೊಳೆದು, ಅಂಟು ಕೆರೆದು, ಹೊಸ ಗ್ರೀಸ್ ತುಂಬಿ, “ದೂರ್ ಬಂದ್ರೆ ದುಡ್ಡ್ ವಾಪಸ್” ಎಂದು ಎಂದಿನ ಮಾತು ಕೊಟ್ಟರು. ಅಂಗಡಿ ಹಾಕಿದಂದಿನಿಂದ ಆ ಮಾತಿಗೆ ಒಂದು ಪೈಸೆಯೂ ಖರ್ಚಾದದ್ದಿಲ್ಲ.

ಈಗ ದೂರು ಬಂದಿದೆ.

“ನಾ ಹಾರ್ನ್ ಹೊಡುದ್ ಬಿಟ್ಟೇ ಎಷ್ಟೋ ಸಮಯ ಆಯ್ತ್” ಎನ್ನುತ್ತಾನೆ ಗೋಪಿ. “ಹೊಡ್ದ್ರೆ ಬ್ರೆಡ್ಡಿನವ ಬಂದ ಅಂದೇಳಿ ಯಾರೂ ಏಳುದಿಲ್ಲೆ. ಅಡ್ಗಿಮನಿ ಬೆಕ್ಕ್ ಎದ್ದ್ ದಣಪೆ ಬಾಗ್ಲಿಗ್ ಓಡ್ರೆ ಮೀನ್ ಬಂತ್ ಅಂತ ಲೆಕ್ಕ. ಈಗ ನಾ ಬಂದದ್ದೂ ಗೊತ್ತಾತಿಲ್ಲೆ, ಹೋದ್ದೂ ಗೊತ್ತಾತಿಲ್ಲೆ. ನಿನ್ನೆ ಅರ್ಧ ಬೂತಾಯಿ ಮೀನ್ ವಾಪಸ್. ಮನಿಯಂಗೆ ಕಾಲ್ ಇಡುಕೆ ಜಾಗ ಇಲ್ಲೆ, ಎಲ್ಲಾ ಒಣ್ಮೀನೇ!”

“ಪೆಟ್ಟಿಯಂಗೆ ಮೀನ್ ಇತ್ತಲೆ, ಅದ್ ವಾಸ್ನಿ ಬತ್ತಿಲ್ಯಾ?”

ಗೋಪಿಗೆ ನಿಜವಾಗಿ ಸಿಟ್ಟು ಬಂತು. “ನನ್ ಮೀನ್ ವಾಸ್ನಿ ಬತ್ತಾ? ಐಸ್ ಹಾಕಿದ್ ತಾಜಾ ಮೀನ್ ಮಾರಾಯ್ರೆ! ದುಡ್ಡ್ ಕೊಡಿ, ಇಲ್ದಿರೆ ಬೆಕ್ಕ್ ಕೊಡಿ. ಅಲ್ದಿರೆ ಇವತ್ತೇ ಚಕ್ರಕ್ಕೆ ಮೀನೆಣ್ಣಿ ಸುರೀತೆ.”

ಕುಷ್ಟಣ್ಣ ಕುಕ್ಕರಗಾಲಲ್ಲಿ ಕೂತು ಸೈಕಲ್ಲನ್ನು ದಿಟ್ಟಿಸುತ್ತಾರೆ. ಅರುವತ್ತು ರೂಪಾಯಿ ಹೋದರೆ ಹೋಗಲಿ. ಒಂದಿಡೀ ದಿನ ಕೆರೆದ ಅಂಟು ಮಾತ್ರ ಮತ್ತೆ ಒಳಗೆ ಹೋಗಬಾರದು. ಚಕ್ರವನ್ನು ಒಮ್ಮೆ ತಿರುಗಿಸುತ್ತಾರೆ. ಅದು ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ.

ಚಹಾ ಹಿಡಿದು ನಿಂತ ಕಮಲಕ್ಕನಿಗೆ ತಾಳ್ಮೆ ಮುಗಿಯುತ್ತದೆ. “ಬೆಕ್ಕೆಂತ ಚಕ್ರ ಬಿಚ್ಚಿ ಕಾಣ್ತಾ? ಅದ್ಕೆ ವಾಸ್ನಿ ಸಾಕಲ್ದಾ? ಹೊರ್‍ಗೆ ಎಲ್ಲಾದ್ರೂ ಹಚ್ಚಿ!”

ಕುಷ್ಟಣ್ಣ ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಹಿಂದಿನ ಮಡ್ಗಾರ್ಡಿನ ಮೇಲೆ ಉದ್ದಕ್ಕೆ ಒಂದು ಬಿಳಿ ಗೀಟು ಎಳೆಯುತ್ತಾರೆ.

“ಕಾಣ್, ಇಲ್ಲಿ ಮೀನೆಣ್ಣಿ. ಇದ್ ನಿನ್ ಕೆಲ್ಸ. ಒಳ್ಗಿಂದ್ ನಂದ್. ಒಳ್ಗೆ ಒಂದ್ ಹನಿ ಬಿದ್ರೆ ನಿನ್ ಸೈಕಲ್ ಮುಟ್ಟುದಿಲ್ಲೆ.”

“ಇದ್ಕೆಷ್ಟ್?”

“ಗೀಟ್ ಹಾಕಿದ್ದಕ್ಕೆ ನಾ ಯಾವತ್ತ್ ದುಡ್ಡ್ ತಕಂಡಿದ್ದೆ?”

ಗೋಪಿ ಕೋಡಿಯ ಕಡೆ ಹೊರಟು ಹೋಗುತ್ತಾನೆ. ಬದುಕಿನಲ್ಲಿ ಇನ್ನೇನು ಆಸೆ ಎಂದು ಕೇಳಿದರೆ ಕುಷ್ಟಣ್ಣ ಬಟ್ಟೆಯ ಚೂರಿನಲ್ಲಿ ಕೈ ಒರೆಸುತ್ತ ಯೋಚಿಸುತ್ತಾರೆ.

“ಒಂದ್ ದಿನ ಅಂಗ್ಡಿ ಮುಚ್ಚಿ ಸಾಯ್ಬ್ರಕಟ್ಟಿಗ್ ಹೋಯಿ ಕಾಣ್ಕ್ ಅಂತ ಇತ್ತ್. ಮೊದ್ಲ್ ಬೆಕ್ಕ್ ಇವ್ನ್ ಸಂಗ್ತಿ ನಡ್ಕಂಡ್ ಬತ್ತಿದ್ದೊ. ಇನ್ ಮೇಲ್ ಅವು ಓಡ್ಕ್. ಓಡಿರೂ ಸೈಕಲ್ ಸಿಕ್ಕುಕಾಗ. ಹಾಂಗಾರೆ ನನ್ ಸರ್ವಿಸ್ ಸರಿ ಇತ್ತ್ ಅಂತ.”