ಕಡೆಯಲ್ಲಿ ಉಣ್ಣುವ ಸೊಸೆ

ವನಜಾಳ ಕೈಯ ಮುದ್ದೆಯ ವಿಷಯದಲ್ಲಿ ಕುಂದಲಹಳ್ಳಿಯ ಆ ಮನೆಯಲ್ಲಿ ಎರಡು ಮಾತಿಲ್ಲ. ಒಂದು ಗಂಟಿಲ್ಲ, ಹಸಿ ಹಿಟ್ಟಿನ ವಾಸನೆಯಿಲ್ಲ. ಮೇಲಿನ ಮಹಡಿಯ ಬಾಡಿಗೆ ಹುಡುಗರೂ ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ. ಆದರೆ ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಒಂದು ತುತ್ತು ಮುದ್ದೆ ನುಂಗಿದವಳಲ್ಲ ಎಂದರೆ ನಂಬುತ್ತೀರಾ? ಮೆತ್ತಗಿನದು, ಲೋಳೆಯದು ನಾಲಿಗೆಗೆ ತಾಕಿದರೆ ಸಾಕು, ಹೊಟ್ಟೆ ಬಾಯಿಗೆ ಬರುತ್ತಿತ್ತು. ಜಾಲಹಳ್ಳಿಯ ತವರಿನಲ್ಲಿ ಅಮ್ಮ ಒಣ ಚಪಾತಿ ಸುಟ್ಟುಕೊಟ್ಟು ಸಾಕಿದ್ದಳು. ಅತ್ತೆಮನೆಯಲ್ಲಿ ಅವಳನ್ನು ಕಾಪಾಡಿದ್ದು ಹಳೆಯ ಪದ್ಧತಿ: ಸೊಸೆ ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣಬೇಕು. ಕಡೆಯಲ್ಲಿ ಉಣ್ಣುವವಳು ಏನು ಉಂಡಳೆಂದು ಯಾರು ನೋಡುತ್ತಾರೆ? ಅವಳ ಪಾಲಿನ ಮುದ್ದೆ ಪಕ್ಕದ ಮನೆ ಪಾಪಯ್ಯನ ಹಸುವಿಗೆ, ಅವಳಿಗೆ ಡಬ್ಬದ ಕಡ್ಲೆಪುರಿ.

ಪುಣ್ಯಾತ್ಗಿತ್ತಿ ಹೀಗೇ ಕಾಲ ಹಾಕಿಬಿಡುತ್ತಿದ್ದಳೋ ಏನೋ. ಆದರೆ ಮಗಳು ಸ್ಫೂರ್ತಿ ಹುಟ್ಟುವಾಗಲೇ ಅದೇ ನಾಲಿಗೆ ತಂದಿದ್ದಳು. ಅನ್ನ ಕಲಸಿ ಕೊಟ್ಟರೆ ಉಗಿಯುತ್ತಾಳೆ. ರಸ್ಕು, ಹಪ್ಪಳ, ಕಡ್ಲೆಪುರಿ, ಅಷ್ಟೇ. ಒಂದನೇ ಕ್ಲಾಸಿನ ಹುಡುಗಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಉಗುರೆಲ್ಲ ಸುಣ್ಣದಂತೆ ಬಿಳಿ. ರಕ್ತ ತೀರಾ ಕಮ್ಮಿ ಎಂದರು ಡಾಕ್ಟರು. ಟಾನಿಕ್ಕು ಕುಡಿಸಿದರೆ ಕಾರಿಕೊಂಡಳು. ವನಜಾ ಸೊಪ್ಪು ಅರೆದು ಹಾಕಿ, ರಾಗಿರೊಟ್ಟಿಯನ್ನು ಗರಿಗರಿಯಾಗಿ ಸುಡುವುದನ್ನು ಕಲಿತಳು. ಮಗು ಅಂಚು ಮುರಿದು ತಿಂದು, ನಡುವಿನ ಮೆತ್ತನೆಯದನ್ನು ತಟ್ಟೆಯಲ್ಲೇ ಬಿಟ್ಟಿತು.

“ಇಂಗೆ ಪುರಿ ತಿಂದ್ರೆ ಮೈಗೆ ರಕ್ತ ಎಲ್ಲಿಂದ ಬತ್ತದೆ? ರಾಗಿ ತಿಂದವ ನಿರೋಗಿ ಕಣಮ್ಮ,” ಎಂದು ಅತ್ತೆ ಅಶ್ವತ್ಥಮ್ಮ ದಿನಾ ಗೊಣಗುತ್ತಿದ್ದರು.

ಡಾಕ್ಟರು ಬೇರೆ ಮಾತು ಹೇಳಿದರು: “ನಿಮ್ಮನ್ನ ನೋಡಿ ಕಲೀತಾಳೆ ಮೇಡಂ. ಪಕ್ಕದಲ್ಲಿ ಕೂತು ನೀವು ಖುಷಿಯಾಗಿ ತಿನ್ನಿ.”

ಅಯ್ಯೋ ದೇವರೇ, ಹೇಳುವುದು ಸುಲಭ! ವನಜಾ ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಅಭ್ಯಾಸಕ್ಕೆ ಕುಳಿತಳು. ಕಡಲೆಕಾಳಿನಷ್ಟು ಮುದ್ದೆ, ಸಾರಿನಲ್ಲಿ ಅದ್ದಿ, ಉಸಿರು ಕಟ್ಟಿ, ಗುಳುಕ್. ಕಣ್ಣಲ್ಲಿ ನೀರು. ದಿನ ಕಳೆದಂತೆ ಅದು ನೆಲ್ಲಿಕಾಯಿಯಷ್ಟಾಯಿತು. ಮಗಳಿಗಾಗಿ ಇಷ್ಟೂ ಆಗದಿದ್ದರೆ ತಾನೆಂಥ ತಾಯಿ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಎಲ್ಲರ ಜೊತೆ ಊಟಕ್ಕೆ ಕುಳಿತಳು. “ಅಬ್ಬಾ, ಇವತ್ತು ಸೊಸೆನೂ ಜೊತೇಲೇ ಕುಂತವ್ಳೆ!” ಅತ್ತೆಗೆ ಹಿಗ್ಗು. ಗಂಡ ಶಶಿಕುಮಾರ್ ತಾನೇ ಸೊಪ್ಪಿನ ಸಾರು ಬಡಿಸಿದ. ವನಜಾ ಒಂದು ತುತ್ತು ನುಂಗಿ ನಕ್ಕಳು. ಇನ್ನೊಂದು ನುಂಗಿ ನಕ್ಕಳು. ಸ್ಫೂರ್ತಿ ಅಮ್ಮನ ಮುಖವನ್ನೇ ನೋಡುತ್ತಾ ಚೂರು ಮುದ್ದೆ ಮುರಿದಳು, ಅದ್ದಿದಳು, ತುಟಿಯವರೆಗೆ ತಂದಳು.

ಅಷ್ಟರಲ್ಲಿ ಸೊಪ್ಪಿನ ಎಲೆಯೊಂದು ವನಜಾಳ ಗಂಟಲಿಗೆ ಅಂಟಿಕೊಂಡಿತು. ತಡೆದಳು, ತುಟಿ ಕಚ್ಚಿದಳು, ಆಗಲಿಲ್ಲ. ನುಂಗಿದ್ದೆಲ್ಲ ತಟ್ಟೆಗೇ ಬಂತು.

ಸ್ಫೂರ್ತಿ ತುತ್ತನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಎದ್ದು ಅಡುಗೆಮನೆಗೆ ಹೋಗಿ ಡಬ್ಬ ತಂದಳು.

“ನಿಂಗೂ ಹಿಂಗೇ ಆಗುತ್ತಾ ಅಮ್ಮ? ಅಳ್ಬೇಡ. ನಾವಿಬ್ರೂ ಮುದ್ದೆ ತಿನ್ನೋದೇ ಬೇಡ, ಆಯ್ತಾ?”

ಬಿಳಿಚಿದ ಪುಟ್ಟ ಕೈ ಹಿಡಿ ಕಡ್ಲೆಪುರಿ ಚಾಚಿತ್ತು. ಮಗಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ವನಜಾ ಎಂದೂ ಕಂಡಿರಲಿಲ್ಲ. ಇನ್ನು ಯಾರು ಹೇಳಿದರೂ ಇವಳು ಮುದ್ದೆ ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬಾಯಿ ತೆರೆದಳು. ಮಗಳು ತಿನ್ನಿಸಿದಳು.